ಮರಳುಗಾಡಿನ ರ್‍ಯಾಲಿಯಲ್ಲಿ ಅನರ್ಹತೆಯ ನಿಯಮಗಳು

2009ರ ಜನವರಿಯಲ್ಲಿ ಡಕಾರ್ ರ್‍ಯಾಲಿಯು ಆಫ್ರಿಕಾವನ್ನು ತೊರೆದು ಪ್ರಥಮ ಬಾರಿಗೆ ಅರ್ಜೆಂಟೀನಾ ಮತ್ತು ಚಿಲಿ ದೇಶಗಳಲ್ಲಿ ನಡೆಯಿತು. ಕತಾರ್‌ನ ನಾಸಿರ್ ಅಲ್ ಅತಿಯಾ ಅವರು ಬಿಎಂಡಬ್ಲ್ಯೂ ಎಕ್ಸ್3 ವಾಹನದಲ್ಲಿ ಮುನ್ನಡೆ ಸಾಧಿಸಿದ್ದರು. ಆರನೆಯ ಹಂತದಲ್ಲಿ ಎಂಜಿನ್ ಮಿತಿಮೀರಿ ಕಾಯತೊಡಗಿದ್ದರಿಂದ, ಅದನ್ನು ಉಳಿಸಿಕೊಳ್ಳಲು ಅವರು ಮರಳುದಿಬ್ಬಗಳನ್ನು ಬಿಟ್ಟು ಬಳಸುದಾರಿ ಹಿಡಿದರು. ಎಂಜಿನ್ ಉಳಿಯಿತು, ಸ್ಪರ್ಧೆ ಉಳಿಯಲಿಲ್ಲ. ಕಡ್ಡಾಯವಾಗಿ ಹಾದುಹೋಗಬೇಕಾದ ಸ್ಥಾನಗಳನ್ನು ಮಿತಿಗಿಂತ ಹೆಚ್ಚು ಸಂಖ್ಯೆಯಲ್ಲಿ ತಪ್ಪಿಸಿದ್ದಕ್ಕಾಗಿ ಅವರನ್ನು ಸ್ಪರ್ಧೆಯಿಂದ ಹೊರಗಿಡಲಾಯಿತು. ಆ ವರ್ಷದ ಪ್ರಶಸ್ತಿ ಫೋಕ್ಸ್‌ವ್ಯಾಗನ್‌ನ ಗಿನಿಯೆಲ್ ಡಿ ವಿಲಿಯರ್ಸ್ ಅವರ ಪಾಲಾಯಿತು. ಡೀಸೆಲ್ ವಾಹನವೊಂದು ಡಕಾರ್ ಗೆದ್ದದ್ದು ಅದೇ ಮೊದಲು.

ಇಂತಹ ಓಟಗಳಲ್ಲಿ ಗುರುತು ಹಾಕಿದ ರಸ್ತೆಯಿಲ್ಲ. ಚಾಲಕನ ಕೈಯಲ್ಲಿರುವುದು ರೋಡ್ ಬುಕ್ ಎಂಬ ದಿಕ್ಸೂಚಿ ಪುಸ್ತಕ ಮತ್ತು ಸಂಘಟಕರೇ ಅಳವಡಿಸಿದ ಉಪಗ್ರಹ ಯಂತ್ರ. ನಿಗದಿತ ಸ್ಥಾನದ ಸಮೀಪ ವಾಹನ ಹಾದುಹೋದಾಗ ಯಂತ್ರವು ಅದನ್ನು ದಾಖಲಿಸಿಕೊಳ್ಳುತ್ತದೆ. ಒಂದೆರಡು ಸ್ಥಾನ ತಪ್ಪಿದರೆ ಅಥವಾ ಊರುಗಳ ಬಳಿ ವೇಗಮಿತಿ ಮೀರಿದರೆ ಸಮಯದ ದಂಡ ಬೀಳುತ್ತದೆ. ದಂಡವೆಂದರೆ ನಷ್ಟ, ಅದನ್ನು ಮುಂದಿನ ಹಂತಗಳಲ್ಲಿ ತುಂಬಿಕೊಳ್ಳಬಹುದು. ಅನರ್ಹತೆಯೆಂದರೆ ಲೆಕ್ಕದ ಪುಸ್ತಕವನ್ನೇ ಮುಚ್ಚಿದಂತೆ.

ತಯಾರಕರು ವಿಶೇಷವಾಗಿ ಗಮನಿಸಬೇಕಾದುದು ತಾಂತ್ರಿಕ ಅನರ್ಹತೆಯನ್ನು. ಅಂತರರಾಷ್ಟ್ರೀಯ ಮೋಟಾರು ವಾಹನ ಒಕ್ಕೂಟದ ಕ್ರೀಡಾ ಸಂಹಿತೆಯ ಪ್ರಕಾರ, ವಾಹನವು ತಾಂತ್ರಿಕ ನಿಯಮಕ್ಕೆ ಹೊಂದಿಕೆಯಾಗದಿದ್ದಲ್ಲಿ, ಅದರಿಂದ ತನಗೆ ಯಾವ ಲಾಭವೂ ದೊರೆಯಲಿಲ್ಲವೆಂಬ ಸಮಜಾಯಿಷಿ ನಡೆಯುವುದಿಲ್ಲ. ನಿಯಮಬದ್ಧತೆಯನ್ನು ತೋರಿಸಿಕೊಡುವ ಹೊಣೆಯೂ ಸ್ಪರ್ಧಿಯದೇ. ಇದು ಕಠೋರವೆನಿಸಬಹುದು; ಆದರೆ ವರ್ತಕರಿಗೆ ಅಪರಿಚಿತವೇನಲ್ಲ. ತಕ್ಕಡಿಯ ತೂಕ ಎಷ್ಟೇ ಸರಿಯಿದ್ದರೂ ಇಲಾಖೆಯ ಮುದ್ರೆಯ ಅವಧಿ ಮುಗಿದಿದ್ದರೆ ನಿರೀಕ್ಷಕರು ಕೇಸು ಹಾಕುವುದಿಲ್ಲವೇ?

2012ರಲ್ಲಿ ಅಮೆರಿಕದ ರಾಬಿ ಗಾರ್ಡನ್ ಅವರ ಹಮ್ಮರ್ ವಾಹನದ ವಿಷಯದಲ್ಲಿ ಉದ್ಭವಿಸಿದ್ದು ಇಂತಹುದೇ ವಿವಾದ. ಶಕ್ತಿಯನ್ನು ಮಿತಿಗೊಳಿಸಲು ಎಂಜಿನ್ ಸೇರುವ ಗಾಳಿಯೆಲ್ಲವೂ ನಿಗದಿತ ಅಳತೆಯ ಕಿರುದ್ವಾರದ ಮೂಲಕವೇ ಸಾಗಬೇಕು. ಚಕ್ರಗಳಿಗೆ ಗಾಳಿ ತುಂಬುವ ವ್ಯವಸ್ಥೆಯಿಂದ ಎಂಜಿನ್‌ಗೆ ಹೆಚ್ಚುವರಿ ಗಾಳಿ ಸೇರುವ ಅವಕಾಶವಿದೆಯೆಂಬುದು ತಪಾಸಣಾಧಿಕಾರಿಗಳ ಆಕ್ಷೇಪ. ಅದು ಕೇವಲ ಚಕ್ರಗಳಿಗಾಗಿ ಇರುವುದೆಂಬುದು ತಂಡದ ವಾದ. ತೀರ್ಪುಗಾರರು ಅನರ್ಹತೆ ವಿಧಿಸಿದರು. ಗಾರ್ಡನ್ ಮೇಲ್ಮನವಿ ಸಲ್ಲಿಸಿದ್ದರಿಂದ ಆದೇಶಕ್ಕೆ ತಡೆ ದೊರೆತು, ಅವರು ಓಟ ಮುಂದುವರಿಸಿ ಪೆರು ದೇಶದ ಲಿಮಾದವರೆಗೂ ತಲುಪಿದರು. ರ್‍ಯಾಲಿ ಮುಗಿದ ಬಳಿಕ ಫ್ರಾನ್ಸಿನ ಮೋಟಾರು ಕ್ರೀಡಾ ಒಕ್ಕೂಟವು ಮೇಲ್ಮನವಿಯನ್ನು ತಳ್ಳಿಹಾಕಿತು. ಫಲಿತಾಂಶ ಪಟ್ಟಿಯಿಂದ ಅವರ ಹೆಸರು ಹೋಯಿತು. ದಕ್ಷಿಣ ಅಮೆರಿಕದ ಓಟಕ್ಕೆ ಫ್ರಾನ್ಸಿನ ನ್ಯಾಯಪೀಠವೇಕೆ ಎಂದರೆ, ಸಂಘಟಕರು ಫ್ರೆಂಚ್ ಸಂಸ್ಥೆಯವರು. ಒಪ್ಪಂದಕ್ಕೆ ಸಹಿ ಹಾಕುವಾಗ ವ್ಯಾಜ್ಯ ಯಾವ ಊರಿನ ಕಟ್ಟೆಯಲ್ಲಿ ತೀರ್ಮಾನವಾಗುವುದೆಂದು ನೋಡದವರು ನಮ್ಮಲ್ಲಿಯೂ ಹಲವರಿದ್ದಾರೆ.

ಮೇಲ್ಮನವಿಯ ಉದ್ದೇಶವನ್ನು ತಿಳಿಸಲು ಸಂಹಿತೆ ನೀಡುವ ಅವಧಿ ತೀರ್ಪು ಪ್ರಕಟವಾದ ನಂತರ ಒಂದೇ ಗಂಟೆ. ಕಾಗದಪತ್ರ ಸಿದ್ಧವಿಲ್ಲದ ತಂಡಕ್ಕೆ ಆ ಗಂಟೆ ಬಹಳ ಚಿಕ್ಕದು. ದಾಖಲೆ ಇಟ್ಟುಕೊಂಡವರಿಗೆ ಅದು ಉಪಕರಿಸಿದ್ದೂ ಉಂಟು. 2018ರಲ್ಲಿ ಪ್ಯೂಜೋ ತಂಡದ ಕಾರ್ಲೋಸ್ ಸೈನ್ಸ್ ಅವರು ನಾಲ್ಕು ಚಕ್ರದ ಬೈಕ್ ಸವಾರನೊಬ್ಬನಿಗೆ ತಾಗಿಸಿ ನಿಲ್ಲದೆ ಹೋದರೆಂಬ ದೂರಿನ ಮೇಲೆ ಹತ್ತು ನಿಮಿಷಗಳ ದಂಡ ವಿಧಿಸಲಾಗಿತ್ತು. ಪುನರ್ವಿಚಾರಣೆಯಲ್ಲಿ ಆ ದಂಡ ರದ್ದಾಯಿತು. ಸೈನ್ಸ್ ರ್‍ಯಾಲಿಯನ್ನು ಗೆದ್ದರು.

ಕರ್ನಾಟಕಕ್ಕೆ ಈ ಓಟ ದೂರದ್ದಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಪೂರೈಸಿದ ಮೊದಲ ಭಾರತೀಯರೆನಿಸಿದರು. ಉಡುಪಿಯ ಕೆ.ಪಿ. ಅರವಿಂದ್ ಟಿವಿಎಸ್ ಬೆಂಬಲಿತ ಶೆರ್ಕೊ ತಂಡದಿಂದ 2019ರಲ್ಲಿ ಗುರಿ ಮುಟ್ಟಿದರು. ದೇಶದೊಳಗಿನ ರ್‍ಯಾಲಿಗಳಿಗೆ ಪರವಾನಗಿ ನೀಡುವುದು ಭಾರತೀಯ ಮೋಟಾರು ಕ್ರೀಡಾ ಒಕ್ಕೂಟ. ಅಲ್ಲಿಯೂ ಓಟಕ್ಕೆ ಮುನ್ನ ವಾಹನ ತಪಾಸಣೆ ನಡೆಯುತ್ತದೆ.

ಈ ಸರಕಿನ ವ್ಯಾಪಾರ ಮಾಡುವವರು ತಿಳಿದಿರಬೇಕಾದ ವಿಷಯವೊಂದಿದೆ. ಅಂತರರಾಷ್ಟ್ರೀಯ ಮಾನ್ಯತೆಯ ಸೀಟ್ ಬೆಲ್ಟ್‌ಗಳ ಚೀಟಿಯ ಮೇಲೆ ಬಳಕೆಯ ಕೊನೆಯ ವರ್ಷ ಮುದ್ರಿತವಾಗಿರುತ್ತದೆ. ಸಾಮಾನ್ಯವಾಗಿ ತಯಾರಾದ ವರ್ಷದ ನಂತರ ಐದು ವರ್ಷ. ಮೂರು ವರ್ಷ ಗೋದಾಮಿನಲ್ಲಿ ಉಳಿದ ಬೆಲ್ಟ್ ಹೊಸದಾಗಿಯೇ ಕಂಡರೂ ಕೊಂಡವನಿಗೆ ಸಿಗುವುದು ಎರಡೇ ವರ್ಷದ ಬಾಳಿಕೆ. ಚೀಟಿ ಹರಿದುಹೋಗಿದ್ದರೆ ತಪಾಸಣಾಧಿಕಾರಿಯು ಬೆಲ್ಟ್‌ನ ಗಟ್ಟಿತನವನ್ನು ಪರೀಕ್ಷಿಸುವ ಗೋಜಿಗೆ ಹೋಗದೆ ಅದನ್ನು ಬಿಚ್ಚಿಸುತ್ತಾನೆ.