ಮೂರು ರಾಜ್ಯಗಳ ಸೆನೆಟರ್

1842ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸರ್ಕಾರಿ ಬ್ಯಾಂಕ್ ಮುಳುಗಿತು. ರೈತರ ಕೈಯಲ್ಲಿದ್ದದ್ದು ಅದೇ ಬ್ಯಾಂಕಿನ ನೋಟು. ತೆರಿಗೆಗೆ ಆ ನೋಟು ನಡೆಯದು, ಬೆಳ್ಳಿ ಬಂಗಾರವೇ ಬೇಕು ಎಂದು ಆದೇಶ ಬಂತು. ಆದೇಶದ ಹಿಂದಿದ್ದ ಅಧಿಕಾರಿಗಳಲ್ಲಿ ರಾಜ್ಯದ ಆಡಿಟರ್ ಜೇಮ್ಸ್ ಶೀಲ್ಡ್ಸ್ ಒಬ್ಬ. ಐರ್ಲೆಂಡಿನ ಟೈರೋನ್ ಸೀಮೆಯಲ್ಲಿ 1806ರಲ್ಲಿ ಹುಟ್ಟಿ, ಹರೆಯದಲ್ಲಿ ಹಡಗು ಹತ್ತಿ ಬಂದು, ಇಲಿನಾಯ್‌ನಲ್ಲಿ ವಕೀಲಿ ಹಿಡಿದಿದ್ದ ಡೆಮಾಕ್ರಟ್ ಆತ.

ವಿರೋಧಿ ವ್ಹಿಗ್ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಮೇವು ಸಿಕ್ಕೀತೆ? ಸ್ಪ್ರಿಂಗ್‌ಫೀಲ್ಡ್‌ನ ಪತ್ರಿಕೆಯಲ್ಲಿ 'ರೆಬೆಕ್ಕಾ' ಎಂಬ ಹಳ್ಳಿ ಹೆಂಗಸಿನ ಹೆಸರಲ್ಲಿ ಪತ್ರಗಳು ಬಂದವು. ಶೀಲ್ಡ್ಸ್‌ನ ಆದೇಶದಿಂದ ಹಿಡಿದು ಹೆಂಗಸರ ಮುಂದೆ ಅವನು ತೋರುವ ಠೀವಿಯವರೆಗೆ ಎಲ್ಲದರ ಗೇಲಿ. ಪತ್ರ ಬರೆದವರಲ್ಲಿ ಒಬ್ಬ ಅಬ್ರಹಾಂ ಲಿಂಕನ್ ಎಂಬ ವಕೀಲ. ಕೆರಳಿದ ಶೀಲ್ಡ್ಸ್ ದ್ವಂದ್ವಯುದ್ಧಕ್ಕೇ ಕರೆದ.

ಆಯುಧ ಯಾವುದೆಂದು ಹೇಳುವ ಹಕ್ಕು ಸವಾಲು ಎದುರಿಸುವವನದು. ಆರಡಿ ನಾಲ್ಕಂಗುಲದ ಲಿಂಕನ್ ಪಿಸ್ತೂಲು ಬಿಟ್ಟು ಅಗಲ ಅಲಗಿನ ಉದ್ದ ಕತ್ತಿ ಕೇಳಿದ. ನಡುವೆ ಅಡ್ಡಲಾಗಿ ಒಂದು ಹಲಗೆ, ಯಾರೂ ಅದನ್ನು ದಾಟುವಂತಿಲ್ಲ. ತೋಳು ಉದ್ದವಿದ್ದವನು ಗೆದ್ದಂತೆಯೇ ಲೆಕ್ಕ. ತುಂಟತನದಲ್ಲೂ ವಕೀಲನ ಬುದ್ಧಿ! ಇಲಿನಾಯ್‌ನಲ್ಲಿ ದ್ವಂದ್ವಕ್ಕೆ ನಿಷೇಧವಿದ್ದುದರಿಂದ ಸೆಪ್ಟೆಂಬರ್ 22ರಂದು ಇಬ್ಬರೂ ಮಿಸಿಸಿಪ್ಪಿ ನದಿಯ ನಡುಗಡ್ಡೆಗೆ ದೋಣಿಯಲ್ಲಿ ಹೋದರು. ಕೊನೆಗಳಿಗೆಯಲ್ಲಿ ಗೆಳೆಯರು ನಡುವೆ ಬಂದು ರಾಜಿ ಮಾಡಿಸಿದರು. ಒಂದು ಹನಿ ರಕ್ತವೂ ಬೀಳಲಿಲ್ಲ.

ಶೀಲ್ಡ್ಸ್‌ನ ಏಳಿಗೆಗೆ ಇದರಿಂದ ಕುಂದೇನೂ ಆಗಲಿಲ್ಲ. ಮರುವರ್ಷವೇ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ, ಆಮೇಲೆ ಕೇಂದ್ರದ ಭೂ ಇಲಾಖೆಯ ಮುಖ್ಯಸ್ಥ. ಮೆಕ್ಸಿಕೋ ಯುದ್ಧದಲ್ಲಿ ಎದೆಗೆ ಗುಂಡು ಹೊಕ್ಕರೂ ಬದುಕಿ ಬಂದ.

ಆಗ ಸೆನೆಟರುಗಳನ್ನು ಆರಿಸುತ್ತಿದ್ದುದು ನಮ್ಮ ರಾಜ್ಯಸಭೆಗೆ ಆರಿಸುವ ಹಾಗೆ ಶಾಸಕರೇ. ಯುದ್ಧವೀರನನ್ನು ಇಲಿನಾಯ್ 1849ರಲ್ಲಿ ಸೆನೆಟ್‌ಗೆ ಕಳಿಸಿತು. ಅಲ್ಲಿ ಸಂವಿಧಾನ ಅಡ್ಡ ಬಂತು: ಸೆನೆಟರಾಗಲು ಪೌರತ್ವ ಪಡೆದು ಒಂಬತ್ತು ವರ್ಷ ತುಂಬಿರಬೇಕು. 1840ರ ಅಕ್ಟೋಬರಿನಲ್ಲಿ ಪೌರನಾದವನಿಗೆ ಇನ್ನೂ ಕೆಲವು ತಿಂಗಳು ಬಾಕಿ. ಆಯ್ಕೆ ರದ್ದಾಯಿತು. ದಿನ ತುಂಬಿದ್ದೇ ತಡ, ಶಾಸಕರು ಅವನನ್ನೇ ಮತ್ತೆ ಆರಿಸಿದರು.

1855ರಲ್ಲಿ ಸ್ಥಾನ ಕೈತಪ್ಪಿತು. ಗಂಟುಮೂಟೆ ಕಟ್ಟಿ ಮಿನ್ನೆಸೋಟಕ್ಕೆ ಹೋದವನು ಐರಿಷ್ ವಲಸಿಗರನ್ನು ಕರೆತಂದು ನೆಲೆಗೊಳಿಸಿದ. ಶೀಲ್ಡ್ಸ್‌ವಿಲ್ ಎಂಬ ಊರು ಇಂದಿಗೂ ಅಲ್ಲಿದೆ. 1858ರಲ್ಲಿ ಆ ರಾಜ್ಯದ ಸೆನೆಟರಾದ. ಅಂತರ್ಯುದ್ಧ ಬಂದಾಗ ಅವನನ್ನು ಬ್ರಿಗೇಡಿಯರ್ ಜನರಲ್ ಮಾಡಿದ ಅಧ್ಯಕ್ಷ ಬೇರಾರೂ ಅಲ್ಲ, ಹಲಗೆಯ ಆಚೆ ನಿಲ್ಲಬೇಕಿದ್ದ ಲಿಂಕನ್.

1879ರಲ್ಲಿ ಮಿಸ್ಸೌರಿಯೂ ಕೆಲವು ವಾರಗಳ ಮಟ್ಟಿಗೆ ಸೆನೆಟ್‌ಗೆ ಕಳಿಸಿತು. ಮೂರು ರಾಜ್ಯಗಳ ಸೆನೆಟರಾದವರು ಅಮೆರಿಕದಲ್ಲಿ ಅವನೊಬ್ಬನೇ. ಅದೇ ವರ್ಷ ಜೂನ್ 1ರಂದು ತೀರಿಕೊಂಡ.

ವಾಷಿಂಗ್ಟನ್‌ನ ಸಂಸತ್ ಭವನಕ್ಕೆ ಪ್ರತಿ ರಾಜ್ಯವೂ ತನ್ನ ಇಬ್ಬರು ಗಣ್ಯರ ಪ್ರತಿಮೆ ಕೊಡಬಹುದು. ಇಲಿನಾಯ್ 1893ರಲ್ಲಿ ಮೊದಲು ಕೊಟ್ಟದ್ದು ಶೀಲ್ಡ್ಸ್‌ನದು, ಎರಡನೆಯದು ಮಹಿಳಾ ಹೋರಾಟಗಾರ್ತಿ ಫ್ರಾನ್ಸಿಸ್ ವಿಲ್ಲರ್ಡ್ ಅವರದು. ಲಿಂಕನ್‌ನ ಪ್ರತಿಮೆಯೂ ಆ ಭವನದಲ್ಲಿದೆ, ಆದರೆ ಅದು ಇಲಿನಾಯ್ ಕೊಟ್ಟದ್ದಲ್ಲ.