ಅಪ್ಪನ ಮನೆ ಮಾರುವ ಮುನ್ನ ಅಟ್ಟದ ಟ್ರಂಕು ತೆರೆಯಿರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೆಯ ಮನೆಗಳಿಗೆ ಅಟ್ಟವೇ ಉಗ್ರಾಣ. ಅಲ್ಲಿ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆ ಸೇರುತ್ತದೆ. ಮಕ್ಕಳ ಓದು, ಮದುವೆಗಳೆಲ್ಲ ಆ ದುಡ್ಡಿನಲ್ಲೇ. ಕೊಬ್ಬರಿಯ ಬೆಲೆ ಕೈಕೊಟ್ಟ ವರ್ಷವೇ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕರೆ? ಅಪ್ಪ ಬಿಟ್ಟುಹೋದ ಪೇಟೆಯ ಮನೆಯ ಮೇಲೆ ಕಣ್ಣು ಬೀಳುವುದು ಸಹಜ. ಆದರೆ ಮಾರುವ ಮುನ್ನ ತೆರಿಗೆಯ ಲೆಕ್ಕ ತಿಳಿದಿರಬೇಕು.

ಮೊದಲಿಗೆ ಒಂದು ಸಮಾಧಾನದ ಸಂಗತಿ. ಪಿತ್ರಾರ್ಜಿತವಾಗಿ ಮನೆ ಕೈಗೆ ಬಂದುದಕ್ಕೆ ನಮ್ಮಲ್ಲಿ ತೆರಿಗೆಯಿಲ್ಲ. ಹಿಂದೆ ಇದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು. ತೆರಿಗೆ ಬೀಳುವುದು ಮಾರಿದಾಗ, ಅದೂ ಲಾಭದ ಮೇಲೆ ಮಾತ್ರ.

‘ತೋಟ ಮಾರಿದವರಿಗೆ ತೆರಿಗೆ ಬರಲಿಲ್ಲ, ಮನೆಗೇಕೆ?’ ಎಂದು ಕೇಳುವವರಿದ್ದಾರೆ. ಗ್ರಾಮೀಣ ಕೃಷಿ ಜಮೀನಿನ ಮಾರಾಟಕ್ಕೆ ಈ ತೆರಿಗೆಯಿಲ್ಲ. ಜನಸಂಖ್ಯೆ 10,000 ಮೀರಿ 1 ಲಕ್ಷ ದಾಟದ ಇಂಥ ಪಟ್ಟಣಗಳ ಎಲ್ಲೆಯಿಂದ 2 ಕಿ.ಮೀ. ಆಚೆಗಿರುವ ತೋಟ ಆ ಗುಂಪಿಗೆ ಸೇರುತ್ತದೆ. ಮನೆ ಮಾತ್ರ, ಹಳ್ಳಿಯಲ್ಲಿದ್ದರೂ, ಸೇರುವುದಿಲ್ಲ.

ಲಾಭವೆಂದರೆ ಎಷ್ಟು?

ನಿಮಗೆ ಮನೆ ಪುಕ್ಕಟೆಯಾಗಿ ಬಂದಿರಬಹುದು. ಆದರೆ ಅದರ ಅಸಲು ಸೊನ್ನೆಯಲ್ಲ. ಅಪ್ಪ ಕೊಟ್ಟ ಬೆಲೆಯೇ ನಿಮ್ಮ ಅಸಲು. ಅಪ್ಪ 2001ರ ಏಪ್ರಿಲ್ 1ಕ್ಕೂ ಮೊದಲೇ ಕೊಂಡಿದ್ದರೆ, ಆ ದಿನದ ಮಾರುಕಟ್ಟೆ ಬೆಲೆಯನ್ನೇ ಅಸಲೆಂದು ತೋರಿಸಬಹುದು. ಅದು ಅಂದಿನ ನೋಂದಣಿ ಮಾರ್ಗಸೂಚಿ ದರವನ್ನು ಮೀರುವಂತಿಲ್ಲ.

ಒಂದು ಉದಾಹರಣೆ ನೋಡೋಣ. ತಂದೆ 1988ರಲ್ಲಿ ಕೊಂಡ ಮನೆಯ 2001ರ ಬೆಲೆ 6 ಲಕ್ಷ ರೂಪಾಯಿ. ತಾಯಿಯೂ ಇಲ್ಲ, 2019ರಲ್ಲಿ ತಂದೆ ತೀರಿಕೊಂಡ ಮೇಲೆ ಅದು ಅಣ್ಣ-ತಂಗಿಯರ ಪಾಲಾಯಿತು. 2025-26ರಲ್ಲಿ 30 ಲಕ್ಷಕ್ಕೆ ಮಾರಾಟವಾಯಿತು. ಲಾಭ 24 ಲಕ್ಷ. ಇದರ ಮೇಲೆ ಶೇ 12.5ರಂತೆ ತೆರಿಗೆ 3 ಲಕ್ಷ.

ಇನ್ನೊಂದು ದಾರಿಯೂ ಇದೆ. 2024ರ ಜುಲೈ 23ಕ್ಕೆ ಮುಂಚೆಯೇ ಕೈಸೇರಿದ ಮನೆಯಾದರೆ, ದೇಶದಲ್ಲಿ ವಾಸಿಸುವವರು ಹಣದುಬ್ಬರ ಸೂಚ್ಯಂಕದ ಲೆಕ್ಕವನ್ನೂ ಹಾಕಿ ನೋಡಬಹುದು. 2001-02ರ ಸೂಚ್ಯಂಕ 100, 2025-26ರದು 376. ಅಸಲು 22.56 ಲಕ್ಷವಾಗುತ್ತದೆ, ಲಾಭ 7.44 ಲಕ್ಷಕ್ಕಿಳಿಯುತ್ತದೆ. ಶೇ 20ರಂತೆ ತೆರಿಗೆ 1,48,800 ರೂಪಾಯಿ. ಕಡಿಮೆ ಬಂದುದನ್ನೇ ಕಟ್ಟಬಹುದು. ಅಣ್ಣನಿಗೂ ತಂಗಿಗೂ ತಲಾ 74,400. ಮೇಲೆ ಶೇ 4ರ ಸೆಸ್. ಇಬ್ಬರೂ ಪ್ರತ್ಯೇಕವಾಗಿ ರಿಟರ್ನ್ಸ್ ಸಲ್ಲಿಸಬೇಕು.

ಅದೇ 2001ರ ಬೆಲೆಗೆ ಆಧಾರವಿಲ್ಲದೆ 3 ಲಕ್ಷವೆಂದಷ್ಟೇ ತೋರಿಸಲಾದರೆ? ತೆರಿಗೆ 3,37,500ಕ್ಕೆ ಏರುತ್ತದೆ. ಒಂದು ಕಾಗದದ ಬೆಲೆ ಇಷ್ಟು! ಆದ್ದರಿಂದಲೇ ಅಪ್ಪನ ಕ್ರಯಪತ್ರ, ಮನೆ ವಿಸ್ತರಿಸಿದ ಖರ್ಚಿನ ರಸೀದಿಗಳನ್ನು ಜೋಪಾನ ಮಾಡಬೇಕು. ನೋಂದಾಯಿತ ಮೌಲ್ಯಮಾಪಕರಿಂದ 2001ರ ಬೆಲೆಯ ವರದಿ ಪಡೆಯಬೇಕು.

ಫೀಸಿಗೆ ರಿಯಾಯಿತಿಯಿಲ್ಲ

ಪೋಷಕರು ಎಡವುವುದು ಇಲ್ಲಿ. ಕಾಲೇಜಿಗೆ ಕಟ್ಟಿದ ಹಣಕ್ಕೆ ಈ ತೆರಿಗೆಯಿಂದ ವಿನಾಯಿತಿ ಸಿಗದು. ಲಾಭದ ಹಣದಲ್ಲಿ 2 ವರ್ಷದೊಳಗೆ ಬೇರೆ ಮನೆ ಕೊಂಡರೆ, 3 ವರ್ಷದೊಳಗೆ ಕಟ್ಟಿಸಿದರೆ ಅಥವಾ 6 ತಿಂಗಳೊಳಗೆ ಸರ್ಕಾರ ಸೂಚಿಸಿದ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ತೊಡಗಿಸಿದರೆ ವಿನಾಯಿತಿ ಉಂಟು. ಬಾಂಡಿನ ಹಣ 5 ವರ್ಷ ಕೈಗೆ ಬಾರದು. ಓದಿಗೇ ಹಣ ಬೇಕಾದವರು ತೆರಿಗೆಯ ಪಾಲನ್ನು ಮೊದಲೇ ಎತ್ತಿಟ್ಟು, ಉಳಿದುದರಲ್ಲಿ ಫೀಸು ಕಟ್ಟುವುದು ಕ್ಷೇಮ.

ಪತ್ರದಲ್ಲಿ ಬೆಲೆ ಕಡಿಮೆ ಬರೆಸಿದರೂ ಪ್ರಯೋಜನವಿಲ್ಲ. ಮಾರ್ಗಸೂಚಿ ದರ ಅದಕ್ಕಿಂತ ಶೇ 10ಕ್ಕೂ ಹೆಚ್ಚಿದ್ದರೆ ಇಲಾಖೆ ಹಿಡಿಯುವುದು ಆ ದರವನ್ನೇ.

ಮನೆಯಲ್ಲಿ ಬಿ.ಕಾಂ. ಓದುವ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರಿಂದಲೇ ಹಾಕಿಸಿ, ಬಳಿಕ ಲೆಕ್ಕಪರಿಶೋಧಕರಿಗೆ ತೋರಿಸಿ. ಅಟ್ಟದಿಂದ ಕೊಬ್ಬರಿ ಇಳಿಸುವಾಗ ಮೂಲೆಯ ಟ್ರಂಕನ್ನೂ ಒಮ್ಮೆ ಇಳಿಸಿ. ಅಪ್ಪನ ದುಡಿಮೆಯ ಲೆಕ್ಕ ಅದರಲ್ಲಿದ್ದೀತು.