ಭಾರವೇ ಬಲವಲ್ಲ: ಹಗುರ ಚಾವಣಿಯ ಬೆನ್ನು ಹತ್ತಿದ ವಿದ್ಯಾರ್ಥಿ

ಹೊಲದಲ್ಲಿ ಕಳೆ ಕೀಳಲು ಬಂದ ತಾಯಿ ಬದುವಿನ ಬೇವಿನ ಕೊಂಬೆಗೆ ಹಳೆಯ ಸೀರೆಯೊಂದನ್ನು ಜೋಲಿ ಕಟ್ಟಿ, ಅದರಲ್ಲಿ ಕೂಸನ್ನು ಮಲಗಿಸಿ ಕೆಲಸಕ್ಕೆ ಇಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಸೀರೆಯ ತೂಕ ಅರ್ಧ ಕಿಲೋ ಇದ್ದೀತು. ಕೂಸಿನ ತೂಕ ಎಂಟು ಹತ್ತು ಕಿಲೋ. ಆದರೂ ಸೀರೆ ಹರಿಯುವುದಿಲ್ಲ. ಅದೇ ಕೂಸಿಗೆ ಬಡಗಿಯಿಂದ ಮರದ ತೊಟ್ಟಿಲು ಮಾಡಿಸಿದರೆ ತೊಟ್ಟಿಲಿನ ತೂಕವೇ ಕೂಸಿಗಿಂತ ಹೆಚ್ಚಾಗುತ್ತದೆ. ಅಷ್ಟು ಹಗುರವಾದ ಬಟ್ಟೆಗೆ ಇಷ್ಟು ಬಲ ಎಲ್ಲಿಂದ ಬಂತು?

ಈ ಪ್ರಶ್ನೆಯ ಬೆನ್ನು ಹತ್ತಿ ಇಡೀ ಜೀವಮಾನ ಸವೆಸಿದವರು ಜರ್ಮನಿಯ ವಾಸ್ತುಶಿಲ್ಪಿ ಫ್ರೈ ಒಟ್ಟೊ. ವಿದ್ಯಾರ್ಥಿಯಾಗಿದ್ದಾಗ ಅವರು ಹಗ್ಗ, ಬಟ್ಟೆ, ಸೋಪಿನ ನೀರು, ಸರಪಣಿಗಳನ್ನು ಹಿಡಿದು ಆರಂಭಿಸಿದ ಪ್ರಯೋಗಗಳು ಮುಂದೆ ಎಕರೆಗಟ್ಟಲೆ ನೆಲಕ್ಕೆ ನೆರಳಾದವು. ಆ ಪ್ರಯೋಗಗಳಲ್ಲಿ ಕೊಟ್ಟಿಗೆ ಕಟ್ಟುವ, ನರ್ಸರಿಗೆ ನೆರಳು ಮಾಡುವ ರೈತನಿಗೂ ಉಪಯೋಗಕ್ಕೆ ಬರುವ ಪಾಠಗಳಿವೆ. ತಗಡಿನ ಮಾಡು ಗಾಳಿಗೆ ಹಾರಿಹೋದದ್ದನ್ನು ಕಂಡವರಂತೂ ಇದನ್ನು ತಿಳಿದುಕೊಳ್ಳಲೇಬೇಕು.

ಸೆರೆಯಲ್ಲಿ ಕಲಿತ ಪಾಠ

ಒಟ್ಟೊ ಅವರು ಹುಟ್ಟಿದ್ದು 1925ರ ಮೇ 31ರಂದು, ಜರ್ಮನಿಯ ಕೆಮ್ನಿಟ್ಸ್ ನಗರದ ಬಳಿ. ತಂದೆ, ತಾತ ಇಬ್ಬರೂ ಕಲ್ಲು ಕೆತ್ತುವ ಶಿಲ್ಪಿಗಳು. ಕಲ್ಲಿನ ಮನೆತನದಲ್ಲಿ ಹುಟ್ಟಿದ ಹುಡುಗನ ಮನಸ್ಸು ಮಾತ್ರ ಹೋದದ್ದು ಗಾಳಿಯ ಕಡೆಗೆ. ಎಂಜಿನ್ ಇಲ್ಲದೆ ಹಾರುವ ಗ್ಲೈಡರ್ ವಿಮಾನಗಳೆಂದರೆ ಅವರಿಗೆ ಪಂಚಪ್ರಾಣ. ತೆಳು ಚೌಕಟ್ಟಿನ ಮೇಲೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಮಾಡಿದ ರೆಕ್ಕೆ ಆಳನ್ನೇ ಹೊತ್ತು ಹಾರಬಲ್ಲದು ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರು.

1943ರಲ್ಲಿ ಬರ್ಲಿನ್ನಿನಲ್ಲಿ ವಾಸ್ತುಶಿಲ್ಪದ ಓದಿಗೆ ಕೈ ಹಾಕಿದರೂ ಯುದ್ಧ ಬಿಡಲಿಲ್ಲ. ವಿಮಾನ ಚಾಲಕರಾಗಿ ಸೇನೆ ಸೇರಬೇಕಾಯಿತು. 1945ರಲ್ಲಿ ಸೆರೆ ಸಿಕ್ಕಿ ಫ್ರಾನ್ಸಿನ ಶಾರ್ತ್ರ ಪಟ್ಟಣದ ಬಳಿಯ ಯುದ್ಧಕೈದಿಗಳ ಶಿಬಿರದಲ್ಲಿ ಎರಡು ವರ್ಷ ಕಳೆದರು. ಅಲ್ಲಿ ಅವರ ಪಾಲಿಗೆ ಬಂದದ್ದು ಶಿಬಿರದ ಕಟ್ಟಡಗಳ ಕೆಲಸ. ಕಟ್ಟಬೇಕಾದದ್ದು ಬಹಳ, ಕೈಯಲ್ಲಿ ಸಾಮಾನು ಕಡಿಮೆ. ಇದ್ದಷ್ಟರಲ್ಲೇ ತೂಗಿಸುವುದನ್ನು ಅವರಿಗೆ ಕಾಲೇಜಿಗಿಂತ ಮೊದಲು ಕಲಿಸಿದ್ದು ಈ ಸೆರೆ.

1948ರಲ್ಲಿ ಬಿಟ್ಟ ಓದನ್ನು ಮತ್ತೆ ಹಿಡಿದಾಗ ಬರ್ಲಿನ್ ನಗರ ಇಟ್ಟಿಗೆಯ ತಿಪ್ಪೆಯಾಗಿತ್ತು. ಶತಮಾನಗಳು ಬಾಳಲೆಂದು ಕಟ್ಟಿದ ಭಾರೀ ಕಟ್ಟಡಗಳೇ ನೆಲಕಚ್ಚಿದ್ದವು. ಸಾವಿರಾರು ಜನ ಸೂರಿಲ್ಲದೆ ಇದ್ದರು. ಕಡಿಮೆ ಸಾಮಾನಿನಲ್ಲಿ, ಬೇಗ, ಹೆಚ್ಚು ಜಾಗಕ್ಕೆ ಸೂರು ಒದಗಿಸುವುದು ಹೇಗೆ ಎಂಬುದು ಆ ಕಾಲದ ವಿದ್ಯಾರ್ಥಿಗೆ ಪರೀಕ್ಷೆಯ ಪ್ರಶ್ನೆಯಷ್ಟೇ ಆಗಿರಲಿಲ್ಲ, ಹೊಟ್ಟೆಬಟ್ಟೆಯ ಪ್ರಶ್ನೆಯಾಗಿತ್ತು.

ದನಗಳ ಪ್ರದರ್ಶನಕ್ಕೆ ಕಟ್ಟಿದ ಮಂಟಪ

1950ರಲ್ಲಿ ವಿದ್ಯಾರ್ಥಿವೇತನ ಪಡೆದು ಒಟ್ಟೊ ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನಲ್ಲಿ ಫ್ರೆಡ್ ಸೆವೆರುಡ್ ಎಂಬ ಎಂಜಿನಿಯರರ ಕಚೇರಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಉತ್ತರ ಕೆರೊಲಿನಾ ರಾಜ್ಯದ ರಾಲೀ ಪಟ್ಟಣಕ್ಕಾಗಿ ಸಿದ್ಧವಾಗುತ್ತಿದ್ದ ಒಂದು ಮಂಟಪದ ಯೋಜನೆ. ಅದು ಅರಮನೆಯಲ್ಲ, ನಾಟಕಶಾಲೆಯೂ ಅಲ್ಲ. ರಾಜ್ಯದ ಕೃಷಿ ಜಾತ್ರೆಯಲ್ಲಿ ದನಕರುಗಳನ್ನು ಪರೀಕ್ಷಿಸಿ ಬಹುಮಾನ ಕೊಡಲು ಬೇಕಾದ ಮಂಟಪ! ಎದುರುಬದುರಾಗಿ ವಾಲಿ ಒಂದನ್ನೊಂದು ದಾಟುವ ಎರಡು ಕಾಂಕ್ರೀಟ್ ಕಮಾನುಗಳು, ಅವುಗಳ ನಡುವೆ ಹುರಿಮಂಚದ ಹುರಿಯಂತೆ ಬಿಗಿದ ಉಕ್ಕಿನ ಹಗ್ಗಗಳು, ಹಗ್ಗಗಳ ಮೇಲೆ ಹಾಸಿದ ತೆಳುವಾದ ಚಾವಣಿ. ಒಳಗೆ ಒಂದು ಕಂಬವೂ ಇಲ್ಲ. 1952ರಲ್ಲಿ ಪೂರ್ತಿಯಾದ ಈ ಮಂಟಪ ಈಗಲೂ ಡಾರ್ಟನ್ ಅರೀನಾ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ.

ಇದನ್ನು ರೂಪಿಸಿದ ಪೋಲೆಂಡಿನ ಮ್ಯಾಥ್ಯೂ ನೊವಿಟ್ಸ್‌ಕಿ ಅವರಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಚಂಡೀಗಢ ನಗರದ ಮೊದಲ ಯೋಜನೆಯಲ್ಲಿ ದುಡಿದವರಲ್ಲಿ ಅವರೂ ಒಬ್ಬರು. ಆ ಕೆಲಸ ಮುಗಿಸಿ ಭಾರತದಿಂದ ಮರಳುವಾಗ, 1950ರ ಆಗಸ್ಟ್ 31ರಂದು, ಈಜಿಪ್ಟಿನಲ್ಲಿ ವಿಮಾನ ಬಿದ್ದು ತೀರಿಕೊಂಡರು. ತಾವು ರೂಪಿಸಿದ ಮಂಟಪ ಎದ್ದು ನಿಂತದ್ದನ್ನು ಅವರು ನೋಡಲಿಲ್ಲ. ಆದರೆ ಆ ನಕ್ಷೆಯನ್ನು ನೋಡಿದ ಒಬ್ಬ ವಿದ್ಯಾರ್ಥಿಯ ದಾರಿಯೇ ಬದಲಾಯಿತು. ಊರಿಗೆ ಮರಳಿದ ಒಟ್ಟೊ ತೂಗುವ ಚಾವಣಿಯನ್ನೇ ವಿಷಯವಾಗಿ ಆರಿಸಿಕೊಂಡು ಪ್ರಬಂಧ ಬರೆದು 1954ರಲ್ಲಿ ಡಾಕ್ಟರ್ ಪದವಿ ಪಡೆದರು.

ಎಳೆತಕ್ಕೂ ಒತ್ತಡಕ್ಕೂ ಇರುವ ಅಂತರ

ಜೋಲಿಯ ಗುಟ್ಟು ಇಲ್ಲಿದೆ. ಉದ್ದನೆಯ ತೆಳ್ಳಗಿನ ಬಿದಿರ ಸೀಳನ್ನು ನೆಲಕ್ಕೆ ಊರಿ ಮೇಲಿನಿಂದ ಒತ್ತಿ ನೋಡಿ. ಅದು ಮುರಿಯುವ ಮೊದಲೇ ಹೊಟ್ಟೆ ಹೊರಡಿಸಿ ಬಾಗುತ್ತದೆ. ಅದೇ ಸೀಳಿನ ಎರಡು ತುದಿ ಹಿಡಿದು ಇಬ್ಬರು ಎಳೆಯಲಿ. ಜಪ್ಪಯ್ಯ ಎಂದರೂ ಬಾಗದು. ಒತ್ತಡ ಹೊರುವ ಕಂಬ ಬಾಗದಂತೆ ನಿಲ್ಲಬೇಕಾದರೆ ದಪ್ಪವಾಗಿರಬೇಕು. ಎಳೆತ ಹೊರುವ ಹಗ್ಗಕ್ಕೆ ಆ ಚಿಂತೆಯಿಲ್ಲ; ಅದರ ಎಳೆ ಎಳೆಯೂ ಕೆಲಸ ಮಾಡುತ್ತದೆ. ಕೆಲವೇ ಕಂಬಗಳಿಗೆ ಒತ್ತಡ ವಹಿಸಿ, ಉಳಿದ ಕೆಲಸವನ್ನೆಲ್ಲ ಎಳೆತಕ್ಕೆ ಒಪ್ಪಿಸಿದರೆ ಚಾವಣಿ ಹಗುರವಾಗುತ್ತದೆ.

ಆದರೆ ಬಟ್ಟೆಯನ್ನು ಮನಸ್ಸಿಗೆ ಬಂದಂತೆ ಎಳೆದು ಕಟ್ಟಿದರೆ ಒಂದು ಕಡೆ ಜೋಲುತ್ತದೆ, ಇನ್ನೊಂದು ಕಡೆ ಹರಿಯುತ್ತದೆ. ಎಲ್ಲ ಕಡೆಯೂ ಎಳೆತ ಒಂದೇ ಸಮನಾಗಿರುವ ಆಕಾರ ಯಾವುದು? ಆ ಕಾಲದಲ್ಲಿ ಇದನ್ನು ಲೆಕ್ಕ ಹಾಕಿಕೊಡುವ ಕಂಪ್ಯೂಟರ್ ಇರಲಿಲ್ಲ. ಒಟ್ಟೊ ಅವರು ಸೋಪಿನ ನೀರನ್ನು ಕೇಳಿದರು. ಬೇಕಾದ ಅಂಚಿನ ಆಕಾರಕ್ಕೆ ತಂತಿ ಬಾಗಿಸಿ ಸೋಪಿನ ನೀರಿನಲ್ಲಿ ಅದ್ದಿ ತೆಗೆದರೆ ಅದರೊಳಗೆ ಒಂದು ಪೊರೆ ನಿಲ್ಲುತ್ತದೆ. ಆ ಅಂಚುಗಳ ನಡುವೆ ಸಾಧ್ಯವಿರುವಷ್ಟು ಕಡಿಮೆ ವಿಸ್ತೀರ್ಣದ ಪೊರೆ ಅದು. ಅದರ ಪ್ರತಿ ಬಿಂದುವಿನಲ್ಲೂ ಎಳೆತ ಸಮ. ಇಂಥ ಪೊರೆಗಳ ಚಿತ್ರ ತೆಗೆದು, ಅಳೆದು, ಅದೇ ಆಕಾರಕ್ಕೆ ಗುಡಾರದ ಬಟ್ಟೆ ಕತ್ತರಿಸುವುದನ್ನು ಅವರು ರೂಢಿಸಿಕೊಂಡರು.

ಮನೆಯ ಮಕ್ಕಳೊಡನೆ ಇದನ್ನು ಮಾಡಿ ನೋಡಬಹುದು. ತಂತಿಯ ಬಳೆಯಲ್ಲಿ ಸೋಪಿನ ಪೊರೆ ಹಿಡಿದು, ಅದರ ಮೇಲೆ ಗಂಟು ಹಾಕಿದ ನೂಲಿನ ಉಂಗುರವೊಂದನ್ನು ಮೆಲ್ಲಗೆ ಇಡಿ. ನೂಲು ಸೊಟ್ಟಸೊಟ್ಟಾಗಿ ಬಿದ್ದಿರುತ್ತದೆ. ಉಂಗುರದ ಒಳಗಿನ ಪೊರೆಯನ್ನು ಮಾತ್ರ ಒಣಗಿದ ಕಡ್ಡಿಯಿಂದ ಚುಚ್ಚಿ ಒಡೆಯಿರಿ. ಕಣ್ಣು ಮಿಟುಕಿಸುವಷ್ಟರಲ್ಲಿ ನೂಲು ದುಂಡನೆಯ ಬಳೆಯಾಗುತ್ತದೆ. ಹೊರಗಿನ ಪೊರೆ ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಎಳೆಯುತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ.

ಹೂ ಪ್ರದರ್ಶನದ ಗುಡಾರಗಳು

ಒಟ್ಟೊ ಅವರ ಮೊದಲ ಹೆಸರಾಂತ ಕೆಲಸ ನಡೆದದ್ದು ತೋಟಗಾರಿಕೆಯ ಅಂಗಳದಲ್ಲಿ. 1955ರಲ್ಲಿ ಜರ್ಮನಿಯ ಕಾಸೆಲ್ ನಗರದಲ್ಲಿ ನಡೆದ ರಾಷ್ಟ್ರೀಯ ಉದ್ಯಾನ ಪ್ರದರ್ಶನದಲ್ಲಿ ವಾದ್ಯಗಾರರಿಗೆಂದು ಅವರು ಒಂದು ಗುಡಾರ ಮಾಡಿದರು. ಗುಡಾರ ಹೊಲಿಯುವ ಸ್ಟ್ರೊಮಾಯರ್ ಅವರ ಕಾರ್ಖಾನೆ ಜೊತೆಗೂಡಿತು. ನಾಲ್ಕು ಮೂಲೆಯ ಹತ್ತಿಬಟ್ಟೆ. ಎದುರುಬದುರು ಎರಡು ಮೂಲೆ ಎತ್ತರದ ಕಂಬಗಳಿಗೆ, ಉಳಿದೆರಡು ಮೂಲೆ ನೆಲದ ಕಡೆಗೆ. ಅಷ್ಟೇ. ಆಕಾರ ಕುದುರೆಯ ಜೀನಿನಂತೆ. ಒಂದು ದಿಕ್ಕಿನಲ್ಲಿ ತಗ್ಗಿ, ಅಡ್ಡ ದಿಕ್ಕಿನಲ್ಲಿ ಉಬ್ಬಿದ ಈ ಆಕಾರದಲ್ಲಿ ಬಟ್ಟೆಯನ್ನು ಗಾಳಿ ಮೇಲಕ್ಕೆತ್ತಿದರೆ ಒಂದು ದಿಕ್ಕಿನ ಎಳೆಗಳು ಹಿಡಿಯುತ್ತವೆ. ಕೆಳಕ್ಕೆ ಒತ್ತಿದರೆ ಇನ್ನೊಂದು ದಿಕ್ಕಿನವು ಹಿಡಿಯುತ್ತವೆ. ಹೀಗಾಗಿ ಬಟ್ಟೆ ಪಟಪಟನೆ ಬಡಿದುಕೊಳ್ಳುವುದಿಲ್ಲ.

1957ರಲ್ಲಿ ಕಲೋನ್ ನಗರದ ಉದ್ಯಾನ ಪ್ರದರ್ಶನಕ್ಕೆ ನಕ್ಷತ್ರದ ಆಕಾರದ ನೃತ್ಯಮಂಟಪ ಬಂತು. 1964ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಹಗುರ ರಚನೆಗಳಿಗೆಂದೇ ಒಂದು ಸಂಶೋಧನಾ ಸಂಸ್ಥೆ ಅವರ ನೇತೃತ್ವದಲ್ಲಿ ಆರಂಭವಾಯಿತು. 1967ರಲ್ಲಿ ಕೆನಡಾದ ಮಾಂಟ್ರಿಯಲ್ ಪ್ರದರ್ಶನದಲ್ಲಿ ಉಕ್ಕಿನ ಹಗ್ಗದ ಬಲೆಯಿಂದ ಸುಮಾರು 8,000 ಚದರ ಮೀಟರ್, ಅಂದರೆ ಎರಡು ಎಕರೆಯಷ್ಟು ಜಾಗಕ್ಕೆ ಸೂರು ಹಾಕಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಚಾವಣಿ ಅದಕ್ಕಿಂತ ಒಂಬತ್ತು ಪಟ್ಟು ದೊಡ್ಡದು. ಬೆನಿಶ್ ಮತ್ತು ಸಂಗಡಿಗರ ಆ ಯೋಜನೆಯ ಚಾವಣಿಗೆ ಒಟ್ಟೊ ಅವರ ಪ್ರಯೋಗಗಳೇ ಆಧಾರ.

ಒಂದು ಮಾತನ್ನು ಮುಚ್ಚಿಡಬಾರದು. ಮ್ಯೂನಿಕ್ ಚಾವಣಿಯ ಖರ್ಚು ಮೊದಲ ಅಂದಾಜಿಗಿಂತ ಹಲವು ಪಟ್ಟು ಬೆಳೆಯಿತು. ಮೇಲೆ ಹಗುರವಾಗಿ ಕಂಡರೂ ಆ ಹಗ್ಗಗಳನ್ನು ನೆಲಕ್ಕೆ ಕಟ್ಟಿಹಾಕಲು ಭೂಮಿಯೊಳಗೆ ಭಾರೀ ಕಾಂಕ್ರೀಟ್ ಲಂಗರುಗಳನ್ನು ಹೂಳಬೇಕಾಯಿತು. ಹಗುರ ಎಂದ ಮಾತ್ರಕ್ಕೆ ಅಗ್ಗ ಎಂದು ತಿಳಿಯಬಾರದು.

ಕಮಾನು ಗಾಡಿಯ ಸೂತ್ರ

ಹಗ್ಗ, ಬಟ್ಟೆಗಳಲ್ಲೇ ಒಟ್ಟೊ ನಿಲ್ಲಲಿಲ್ಲ. ಸರಪಣಿಯ ಎರಡು ತುದಿ ಹಿಡಿದು ತೂಗುಬಿಟ್ಟರೆ ಅದು ತಾನಾಗಿ ಒಂದು ಬಾಗನ್ನು ಪಡೆಯುತ್ತದೆ. ಅದನ್ನು ಹಾಗೆಯೇ ತಲೆಕೆಳಗು ಮಾಡಿದರೆ ಅತ್ಯಂತ ಗಟ್ಟಿ ಕಮಾನಿನ ಆಕಾರ ಸಿಗುತ್ತದೆ ಎಂದು ಇಂಗ್ಲೆಂಡಿನ ರಾಬರ್ಟ್ ಹುಕ್ 17ನೇ ಶತಮಾನದಲ್ಲೇ ಹೇಳಿದ್ದರು. ಒಟ್ಟೊ ಮತ್ತು ಸಂಗಡಿಗರು ಒಂದು ಸರಪಣಿಯ ಬದಲು ಸರಪಣಿಗಳ ಬಲೆಯನ್ನೇ ತೂಗುಬಿಟ್ಟು ಅಳೆದರು. ಅದರಿಂದ ಹುಟ್ಟಿದ್ದು 1975ರಲ್ಲಿ ಜರ್ಮನಿಯ ಮಾನ್‌ಹೈಮ್ ಉದ್ಯಾನ ಪ್ರದರ್ಶನಕ್ಕೆ ಕಟ್ಟಿದ ಮರದ ಮಂಟಪ.

ಅಲ್ಲಿ ಬಳಸಿದ್ದು ಬರೀ 5 ಸೆಂಟಿಮೀಟರ್ ಚೌಕದ ಮರದ ರೀಪುಗಳು. ಅವನ್ನು ತಟ್ಟಿಯಂತೆ ಅಡ್ಡಡ್ಡ ಜೋಡಿಸಿ, ಬೋಲ್ಟುಗಳನ್ನು ಸಡಿಲವಾಗಿಟ್ಟು, ಕೆಳಗಿನಿಂದ ಮೆಲ್ಲಮೆಲ್ಲನೆ ಮೇಲಕ್ಕೆ ಒತ್ತಿದರು. ತಟ್ಟಿ ಗುಮ್ಮಟದಂತೆ ಬಾಗಿತು. ಆಮೇಲೆ ಬೋಲ್ಟು ಬಿಗಿದು ಅಂಚುಗಳನ್ನು ಭದ್ರ ಮಾಡಿದರು. ನಮ್ಮ ಕಮಾನು ಗಾಡಿಯ ಮೇಲ್ಗಡೆ ಬಿದಿರ ತಟ್ಟಿ ಬಾಗಿಸುವವರಿಗೆ ಈ ಸೂತ್ರ ಹೊಸದೇನಲ್ಲ. ಅಳತೆ ಮಾತ್ರ ಹೊಸದು. ಕೆಲವು ಕಡೆ 60 ಮೀಟರ್‌ವರೆಗೆ ನಡುವೆ ಕಂಬವಿಲ್ಲ! ತಾಳೀತೇ ಎಂಬ ಅನುಮಾನ ಬಂದಾಗ ನೀರು ತುಂಬಿದ ಕಸದ ತೊಟ್ಟಿಗಳನ್ನು ಚಾವಣಿಗೆ ತೂಗುಹಾಕಿ ಪರೀಕ್ಷೆ ಮಾಡಿದರು. ಪ್ರದರ್ಶನ ಮುಗಿದ ಮೇಲೆ ಬಿಚ್ಚಬೇಕೆಂದಿದ್ದ ಆ ಮಂಟಪ ಅರ್ಧ ಶತಮಾನದ ಮೇಲೂ ನಿಂತಿದೆ. ಒಟ್ಟೊ ಅವರ ಸಂಸ್ಥೆ 1985ರಲ್ಲಿ ಬಿದಿರಿನ ರಚನೆಗಳ ಬಗ್ಗೆಯೇ ಒಂದು ಸಂಪುಟ ಹೊರತಂದಿತು.

ಹಗುರ ಮಾಡಿನ ಶತ್ರು ಗಾಳಿ

ಈಗ ನಮ್ಮ ಕೊಟ್ಟಿಗೆಗೆ ಬರೋಣ. ಗಂಟೆಗೆ 100 ಕಿಲೋಮೀಟರ್ ವೇಗದ ಬಿರುಗಾಳಿಗೆ ಚದರ ಮೀಟರಿಗೆ ಸುಮಾರು 47 ಕಿಲೋ ತೂಕದಷ್ಟು ಬಲವಿರುತ್ತದೆ. ಮಾಡಿನ ಮೇಲೆ ಹಾಯುವ ಗಾಳಿ ಅದನ್ನು ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಒಂದು ಬದಿ ತೆರೆದ ಕೊಟ್ಟಿಗೆಯಾದರೆ ಒಳಹೊಕ್ಕ ಗಾಳಿ ಕೆಳಗಿನಿಂದಲೂ ಎತ್ತುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡಿನ ತೂಕವಾದರೋ ಚದರ ಮೀಟರಿಗೆ 4ರಿಂದ 5 ಕಿಲೋ ಮಾತ್ರ. ಹತ್ತು ಪಟ್ಟು ಬಲದ ಎದುರು ಅದು ತನ್ನ ಭಾರದಿಂದಲೇ ನಿಲ್ಲುವುದೆಂತು? ತಗಡಿನ ಮೇಲೆ ನಾಲ್ಕು ಕಲ್ಲು ಹೇರಿ ನಿಶ್ಚಿಂತೆಯಿಂದ ಇರುವವರು ಈ ಲೆಕ್ಕವನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಗಾಳಿಗೆ ಹಾರಿದ ಕಲ್ಲು, ತಗಡು ದನಕ್ಕೂ ಅಪಾಯ, ಜನಕ್ಕೂ ಅಪಾಯ.

ಒಟ್ಟೊ ಅವರ ಗುಡಾರಗಳಿಂದ ನಾವು ಕಲಿಯಬಹುದಾದದ್ದು ಇಷ್ಟು:

ನರ್ಸರಿಯ ನೆರಳು ಪರದೆಯನ್ನಾಗಲಿ, ಕಣದ ಟಾರ್ಪಾಲನ್ನಾಗಲಿ ಚಪ್ಪಟೆಯಾಗಿ ಕಟ್ಟಬೇಡಿ. ಎದುರುಬದುರು ಎರಡು ಮೂಲೆ ಎತ್ತರ, ಉಳಿದೆರಡು ಮೂಲೆ ತಗ್ಗು ಮಾಡಿ ಬಿಗಿಯಿರಿ. ಟಾರ್ಪಾಲಿನ ಮೇಲೆ ಮಳೆನೀರು ನಿಲ್ಲದೆ ತಗ್ಗಿನ ಮೂಲೆಗಳಿಂದ ಇಳಿದುಹೋಗುತ್ತದೆ.

ಬಟ್ಟೆಯ ಅಂಚನ್ನು ನೇರವಾಗಿ ಬಿಡದೆ ಸ್ವಲ್ಪ ಒಳಬಾಗಿಸಿ ಕತ್ತರಿಸಿ, ಮಡಿಕೆಯೊಳಗೆ ಹಗ್ಗ ಸೇರಿಸಿ ಹೊಲಿಸಿ. ಹಗ್ಗ ಬಿಗಿದಂತೆ ಅಂಚೂ ಬಿಗಿಯುತ್ತದೆ. ಮೂಲೆ ಹರಿಯುವುದು ತಪ್ಪುತ್ತದೆ.

ಗೂಟವನ್ನು ಹಗ್ಗ ಎಳೆಯುವ ದಿಕ್ಕಿಗೆ ವಿರುದ್ಧವಾಗಿ ವಾಲಿಸಿ ಹೊಡೆಯಿರಿ. ಮರಳು ಮಣ್ಣಿನಲ್ಲಿ ಗೂಟ ನಿಲ್ಲದು. ಅಲ್ಲಿ ಗುಂಡಿ ತೋಡಿ, ಮರದ ತುಂಡನ್ನೋ ಉದ್ದನೆಯ ಕಲ್ಲನ್ನೋ ಅಡ್ಡಲಾಗಿಟ್ಟು, ಅದಕ್ಕೆ ಹಗ್ಗ ಕಟ್ಟಿ ಮಣ್ಣು ತುಂಬಿ ಚೆನ್ನಾಗಿ ದಮ್ಮಸ್ಸು ಮಾಡಿ.

ತಗಡಿನ ಮಾಡಾದರೆ ತಗಡನ್ನು ರೀಪಿಗೆ, ರೀಪನ್ನು ತೊಲೆಗೆ, ತೊಲೆಯನ್ನು ಕಂಬಕ್ಕೆ, ಕಂಬವನ್ನು ನೆಲಕ್ಕೆ ಕಟ್ಟಿರಬೇಕು. ಸರಪಣಿಯಲ್ಲಿ ಒಂದು ಕೊಂಡಿ ಬಿಟ್ಟರೂ ಉಳಿದವು ಇದ್ದೂ ಇಲ್ಲದಂತೆ. ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಹೀರಿಕೆ ಹೆಚ್ಚು. ಅಲ್ಲಿ ಬೋಲ್ಟುಗಳನ್ನು ಹತ್ತಿರ ಹತ್ತಿರ ಹಾಕಿಸಿ.

ದೊಡ್ಡ ಪಾಲಿಹೌಸ್, ದೊಡ್ಡ ಕೊಟ್ಟಿಗೆಗಳ ವಿಷಯದಲ್ಲಿ ಎಂಜಿನಿಯರರ ಲೆಕ್ಕವಿಲ್ಲದೆ ಕೈ ಹಾಕುವುದು ತರವಲ್ಲ. ತಾಳೀತೇ ಎಂದು ತೂಕ ಕಟ್ಟಿ ಪರೀಕ್ಷಿಸದೆ ಒಟ್ಟೊ ಅವರ ತಂಡವೂ ಮಾನ್‌ಹೈಮ್ ಮಂಟಪದೊಳಗೆ ಜನರನ್ನು ಬಿಡಲಿಲ್ಲ.

2015ರ ಮಾರ್ಚ್ 9ರಂದು ಒಟ್ಟೊ ತೀರಿಕೊಂಡರು. ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಅವರಿಗೆ ಸಂದ ಸುದ್ದಿ ಲೋಕಕ್ಕೆ ತಿಳಿದದ್ದು ಮರುದಿನ. ಅವರ ಗುಡಾರಗಳಲ್ಲಿ ಎಷ್ಟೋ ಇಂದು ಉಳಿದಿಲ್ಲ. ಬಿಚ್ಚಿ ಮಡಿಸಿಡಲೆಂದೇ ಮಾಡಿದವು ಅವು. ಉಳಿದದ್ದು ವಿದ್ಯೆ.

ಅಶ್ವಿನಿ, ಭರಣಿ ಮಳೆಗಳು ಬಿರುಗಾಳಿಯನ್ನು ಹೊತ್ತು ತರುವ ಮುಂಚೆ ಒಂದು ಸಂಜೆ ಬಿಡುವು ಮಾಡಿಕೊಂಡು ಕೊಟ್ಟಿಗೆಯ ಸುತ್ತ ಒಂದು ಸುತ್ತು ಬನ್ನಿ. ಮಾಡು ಎಷ್ಟು ಭಾರವಿದೆ ಎಂದು ನೋಡಬೇಡಿ. ಎಲ್ಲೆಲ್ಲಿ ಕಟ್ಟು ಸಡಿಲಿದೆ ಎಂದು ನೋಡಿ.